ಬೆಂಕಿ ಕಾಣದ ಕಲ್ಲುಪುಡಿ

ಶಹಾಬಾದಿನ ಫರಸಿಯಿರಲಿ, ಜಿಗಣಿಯ ಗ್ರಾನೈಟಿರಲಿ, ಮನೆ ಸೇರುವ ಕಲ್ಲಿನ ಹಿಂದೆ ಬಯಲು ಸೇರುವ ಚೂರಿನ ರಾಶಿಯಿದೆ. ಆ ಚೂರಿನಿಂದ ಗೋಡೆ ಏಳಬಲ್ಲುದು, ನೆಲ ಹೊಳೆಯಬಲ್ಲುದು, ಸಿಮೆಂಟಿನ ಗೂಡಿನ ಹೊಗೆಯೂ ತಗ್ಗಬಲ್ಲುದು. ಕಸದಿಂದ ರಸ ತೆಗೆಯುವ ಈ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು?

ಬೆಂಗಳೂರಿನಿಂದ ಮುಂಬಯಿಗೆ ಹೊರಟ ರಾತ್ರಿಯ ರೈಲು ರಾಯಚೂರು ಯಾದಗಿರಿಗಳನ್ನು ಹಿಂದಿಟ್ಟು, ಬೆಳಕು ಹರಿಯುವ ಹೊತ್ತಿಗೆ ವಾಡಿ ಜಂಕ್ಷನ್ನನ್ನು ದಾಟಿ ಶಹಾಬಾದಿನ ಕಡೆಗೆ ಸಾಗುತ್ತಿರುವಾಗ, ತೊಗರಿಯ ಕೂಳೆ ಉಳಿದ ಕರಿಯ ಹೊಲಗಳ ನಡುನಡುವೆ, ಯಾವ ಭೂಪಟದಲ್ಲಿಯೂ ಹೆಸರು ಕಾಣಿಸದ ಬೂದುಬಣ್ಣದ ದಿಣ್ಣೆಗಳು ಕಣ್ಣಿಗೆ ಬೀಳತೊಡಗುತ್ತವೆ. ಭೂಮಿಯನ್ನು ಪದರು ಪದರಾಗಿ ಸೀಳಿ, ಬೇಕಾದುದನ್ನು ಆಯ್ದುಕೊಂಡು, ಬೇಡವಾದುದನ್ನು ಖಣಿಯ ಅಂಚಿಗೆ ಒಟ್ಟುತ್ತ ಬಂದ ಹಲವು ತಲೆಮಾರುಗಳ ದುಡಿಮೆ ಈ ಗುಪ್ಪೆಗಳನ್ನು ಎಬ್ಬಿಸಿದೆ.

ಖಣಿಯೊಳಗಿನ ಕೆಲಸ ವೈಶಾಖದ ಬಿಸಿಲು ಏರುವ ಮುನ್ನವೇ ಮೊದಲಾಗುವುದು. ಎರೆಮಣ್ಣಿನ ಹೊದಿಕೆಯನ್ನು ಸರಿಸಿದೊಡನೆ ಒಂದರ ಮೇಲೊಂದು ಮಟ್ಟಸವಾಗಿ ಪವಡಿಸಿದ ಕಲ್ಲಿನ ಪದರುಗಳು ಕಾಣುವುವು. ಕೆಲಸಗಾರನು ಎರಡು ಪದರುಗಳ ಸಂಧಿಯನ್ನು ಕಣ್ಣಳತೆಯಿಂದಲೇ ಗುರುತಿಸಿ, ಅಲ್ಲಿಗೆ ಉಳಿಯನ್ನು ಹಿಡಿದು, ಸುತ್ತಿಗೆಯಿಂದ ಹದವಾಗಿ ತಟ್ಟುತ್ತ ಸಾಗಿ, ಹಾರೆಯನ್ನು ಮೀಟಿದಾಗ, ನಿರ್ದೋಷವಾದ ಹಲಗೆಯೊಂದು ನೆಲದಿಂದ ಬಿಡಿಸಿಕೊಂಡು ಮೇಲೆ ಬರುವುದು.

ಹೀಗೆ ಬರುವುದು ಅವನ ಪುಣ್ಯವಿದ್ದರೆ. ನಡುವೆ ಸೀಳು ಬಿಟ್ಟುದು, ಮೂಲೆ ಮುರಿದುದು, ದಪ್ಪ ಹೆಚ್ಚುಕಡಮೆಯಾದುದು, ಬಣ್ಣ ಕೆಟ್ಟುದು, ಇವೆಲ್ಲ ಅದೇ ಗಳಿಗೆಯಲ್ಲಿ ದಿಣ್ಣೆಯ ಪಾಲಾಗುವುವು. ಪಾಸಾದ ಹಲಗೆಯೂ ಪಾಲಿಶ್ ಯಂತ್ರದಡಿಗೆ ಹೋಗಿ, ಅಂಚು ಕತ್ತರಿಸಿಕೊಂಡು, ಮೈ ಉಜ್ಜಿಸಿಕೊಂಡು ಹೊರಬರುವಷ್ಟರಲ್ಲಿ, ತನ್ನ ದೇಹದ ಇನ್ನೊಂದು ಪಾಲನ್ನು ನೀರಿನೊಡನೆ ಬೆರೆತ ಬಿಳಿಯ ರಾಡಿಯಾಗಿ ಚರಂಡಿಗೆ ಒಪ್ಪಿಸಿರುವುದು.

ಮಳೆಗೆ ಮೊದಲು ತಾರಸಿ ಮುಗಿಯಬೇಕು, ಶ್ರಾವಣಕ್ಕೆ ಗೃಹಪ್ರವೇಶವಾಗಬೇಕು ಎಂದು ಊರೂರುಗಳಲ್ಲಿ ಮನೆಕಟ್ಟುವವರು ಲೆಕ್ಕ ಹಾಕುವ ಕಾಲವೂ ವೈಶಾಖವೇ. ಮರಳಿನ ಬೆಲೆ, ಜಲ್ಲಿಯ ಬೆಲೆ, ಸಿಮೆಂಟಿನ ಬೆಲೆ ಎಲ್ಲರ ನಾಲಗೆಯ ಮೇಲಿರುವ ಇಂಥ ಹೊತ್ತಿನಲ್ಲಿಯೇ, ಬೆಲೆಯಿಲ್ಲದೆ ಬಿದ್ದಿರುವ ಈ ರಾಶಿಗಳ ವಿಚಾರ ಕೇಳುವುದು ಉಚಿತ.

ಅಶೋಕನ ಮುಖ, ಅಡುಗೆಮನೆಯ ನೆಲ

ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಈ ಸೀಮೆಯನ್ನು ಆವರಿಸಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಸುಣ್ಣದ ಕೆಸರು ಇಳಿದಿಳಿದು ಗಟ್ಟಿಯಾದುದರ ಫಲವೇ ಭೀಮಾ ಕೊಳ್ಳದ ಈ ಸುಣ್ಣಕಲ್ಲು. ಅದನ್ನು ಮನುಷ್ಯನು ಕಂಡುಕೊಂಡುದು ನಿನ್ನೆ ಮೊನ್ನೆಯಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಿಂದ ಹೊರಬಂದ ಬೌದ್ಧಸ್ತೂಪದ ಶಿಲಾಫಲಕಗಳು, ಅವುಗಳಲ್ಲಿ ಅಶೋಕನ ಹೆಸರನ್ನು ಬ್ರಾಹ್ಮೀ ಲಿಪಿಯಲ್ಲಿ ಹೊತ್ತು ನಿಂತ ರಾಜದಂಪತಿಗಳ ಶಿಲ್ಪವೂ ಸೇರಿದಂತೆ, ಸುಣ್ಣಕಲ್ಲಿನಲ್ಲಿಯೇ ಕಡೆದಂಥವು.

ರಾಷ್ಟ್ರಕೂಟರ ಮಾನ್ಯಖೇಟ, ಈಗಿನ ಮಳಖೇಡ, ಕಾಗಿಣಾ ನದಿಯ ದಂಡೆಯಲ್ಲಿ ನೆಲೆಗೊಂಡುದೂ ಇದೇ ಹಾಸಿನ ಮೇಲೆ. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲುಹಾದಿಗಳು ರಾಯಚೂರಿನಲ್ಲಿ ಒಂದನ್ನೊಂದು ಸಂಧಿಸಿದ ಬಳಿಕ ಈ ಕಲ್ಲಿಗೆ ದೂರದ ಊರುಗಳ ದಾರಿ ತೆರೆಯಿತು; ಮುಂಬಯಿ, ಪುಣೆ, ಹೈದರಾಬಾದುಗಳ ಮಧ್ಯಮವರ್ಗದ ಅಡುಗೆಮನೆಗಳಲ್ಲಿ, ಶಾಲೆಯ ಪಡಸಾಲೆಗಳಲ್ಲಿ, ಬೇಸಗೆಗೆ ತಂಪು ಕೊಡುವ ಶಹಾಬಾದಿ ಫರಸಿ ಎಂಬ ಹೆಸರಿನಿಂದ ಅದು ಮನೆಮಾತಾಯಿತು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ದೊರೆತಾಗ ಅದರ ರುಚಿಗೆ ಕಾರಣವೆಂದು ಹೇಳಲ್ಪಟ್ಟುದರಲ್ಲಿ ಈ ನೆಲದ ಸುಣ್ಣಾಂಶವೂ ಒಂದು. ಆದುದರಿಂದ ಆ ಸೀಮೆಯವರು ಈ ಕಲ್ಲನ್ನು ಮೆಟ್ಟುತ್ತಾರೆ ಮಾತ್ರವಲ್ಲ, ಒಂದರ್ಥದಲ್ಲಿ ಉಣ್ಣುತ್ತಲೂ ಇದ್ದಾರೆ.

ಇಲ್ಲಿಯೇ ಒಂದು ವಿಪರ್ಯಾಸವನ್ನು ಹೇಳಬೇಕು. ಫರಸಿಯ ಖಣಿಗಳಿಂದ ಕೂಗಳತೆಯಲ್ಲಿ ಅಲ್ಲದಿದ್ದರೂ ಗಾಡಿಯಳತೆಯಲ್ಲಿ, ವಾಡಿ, ಮಳಖೇಡ, ಸೇಡಂಗಳಲ್ಲಿ, ದೇಶದ ಹೆಸರಾಂತ ಸಿಮೆಂಟ್ ಕಾರ್ಖಾನೆಗಳಿವೆ. ಅವೂ ಸಿಡಿಮದ್ದು ಇಟ್ಟು ಒಡೆದು ಗೂಡಿಗೆ ಸುರಿಯುವುದು ಸುಣ್ಣಕಲ್ಲನ್ನೇ. ಒಂದು ಕಡೆ ಒಡೆದ ಸುಣ್ಣಕಲ್ಲು ಬೇಡವಾಗಿ ಬಿದ್ದಿದೆ. ಇನ್ನೊಂದು ಕಡೆ ಬಿದ್ದುಕೊಂಡಿದ್ದ ಸುಣ್ಣಕಲ್ಲನ್ನು ಬೇಕೆಂದು ಒಡೆಯಲಾಗುತ್ತಿದೆ.

ಈ ಎರಡನ್ನೂ ಗಂಟುಹಾಕಿಬಿಟ್ಟರೆ ಕಥೆ ಮುಗಿಯಿತಲ್ಲ ಎಂದು ರೈಲಿನ ಕಿಟಕಿಯಲ್ಲಿ ಕುಳಿತವನಿಗೆ ತೋರುವುದು ಸಹಜ. ಕಾರ್ಖಾನೆಯವನಿಗೆ ಅಷ್ಟು ಸುಲಭವಲ್ಲ. ಅವನ ಗೂಡಿಗೆ ದಿನವೂ ಒಂದೇ ಗುಣದ ಕಲ್ಲು, ಒಂದೇ ಪ್ರಮಾಣದ ಸುಣ್ಣ, ಸಾವಿರಾರು ಟನ್ನುಗಳ ಲೆಕ್ಕದಲ್ಲಿ ಬೇಕು. ನೂರಾರು ಸಣ್ಣ ಖಣಿಗಳ ಅಂಚಿನಲ್ಲಿ, ಮಣ್ಣು ಬೆರೆತು, ಸಿಲಿಕಾಂಶ ಹೆಚ್ಚುಕಡಮೆಯಾಗಿ ಚದುರಿದ ಚೂರುಗಳನ್ನು ಬಾಚಿ ತರುವುದಕ್ಕಿಂತ, ತನ್ನ ಗಣಿಯಲ್ಲಿ ಒಂದು ಸಾಲು ಕುಳಿ ಕೊರೆದು ಸಿಡಿಸುವುದೇ ಅವನಿಗೆ ಅಗ್ಗ. ವ್ಯರ್ಥವೆಂಬುದು ಕಲ್ಲಿನ ಗುಣವಲ್ಲ. ದೂರ, ತೇವ ಮತ್ತು ಸಾಗಣೆಯ ದರ ಇವು ಮೂರೂ ಸೇರಿ ಕಲ್ಲಿಗೆ ಅಂಟಿಸಿದ ಹಣೆಪಟ್ಟಿ.

ನಾಲ್ಕು ಹಲಗೆಗೆ ಒಂದು ಹಲಗೆ

ಗ್ರಾನೈಟಿನ ಕಥೆಯ ಬಗೆ ಬೇರೆ. ಇಳಕಲ್ಲಿನ ಕೆಂಪು, ಕನಕಪುರದ ಸುತ್ತಿನ ಬಹುವರ್ಣ, ಚಾಮರಾಜನಗರದ ಕಪ್ಪು, ಹೀಗೆ ನಾನಾ ದಿಕ್ಕಿನಿಂದ ಬಂದ ದಿಮ್ಮಿಗಳು ಬೆಂಗಳೂರಿನ ದಕ್ಷಿಣಕ್ಕೆ ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿ ಹಲಗೆಗಳಾಗಿ ಸೀಳಲ್ಪಡುತ್ತವೆ. ಇಲ್ಲಿ ಪದರಿನ ಸಂಧಿ ಎಂಬುದಿಲ್ಲ; ಉಳಿಯ ಜಾಣ್ಮೆಗೆ ಎಡೆಯಿಲ್ಲ; ಉಕ್ಕಿನ ಅಲಗು ಇಲ್ಲವೆ ವಜ್ರದ ಹರಳು ಪೋಣಿಸಿದ ತಂತಿ ಕಲ್ಲನ್ನು ತಿನ್ನುತ್ತ ಹೋಗಬೇಕು.

ತಿಂದುದೆಷ್ಟು ಎಂಬುದನ್ನು ಶಾಲೆಯ ಹುಡುಗನೂ ಗುಣಿಸಬಹುದು. ಹಲಗೆಯ ದಪ್ಪ 20 ಮಿಲಿಮೀಟರ್. ಅಲಗು ಕೊರೆಯುವ ಜಾಡು ಸುಮಾರು 5 ಮಿಲಿಮೀಟರ್. ಅಂದಮೇಲೆ ನಾಲ್ಕು ಹಲಗೆ ಸೀಳುವಷ್ಟರಲ್ಲಿ ಐದನೆಯ ಹಲಗೆಯಷ್ಟು ಕಲ್ಲು ಪುಡಿಯಾಗಿ ನೀರಿನಲ್ಲಿ ಕರಗಿದ ಹಾಗೆ ಕಾಣದೆ ಹೋಗಿದೆ. ಇದು ಯಂತ್ರದ ಕೆಳಗಿನ ಲೆಕ್ಕ ಮಾತ್ರ. ಕ್ವಾರಿಯಲ್ಲಿ ದಿಮ್ಮಿಯಾಗದೆ ಉಳಿದ ಬಂಡೆಯ ಲೆಕ್ಕ ಬೇರೆ.

ಆ ನೀರನ್ನು ತೊಟ್ಟಿಗಳಲ್ಲಿ ತಿಳಿಯಾಗಿಸಿ ಮತ್ತೆ ಬಳಸುತ್ತಾರೆ. ತಳದಲ್ಲಿ ನಿಂತ ರಾಡಿಯನ್ನು, ಕಾರ್ಖಾನೆಯ ಭಾಷೆಯಲ್ಲಿ ಸ್ಲರಿಯನ್ನು, ಟ್ಯಾಂಕರುಗಳಲ್ಲಿ ತುಂಬಿ ಎಲ್ಲಿಗಾದರೂ ಸಾಗಿಸಬೇಕಾಗುವುದು. ಆ ಎಲ್ಲಿಗಾದರೂ ಎಂಬ ವಿಳಾಸ ಅನೇಕ ವೇಳೆ ಕೆರೆಯಂಗಳವೋ ರಸ್ತೆಯ ಬದಿಯ ಹಳ್ಳವೋ ಆಗಿರುವುದುಂಟು. ಹಸಿಯಿರುವಾಗ ಅದು ನೆಲದ ರಂಧ್ರಗಳನ್ನು ಮುಚ್ಚಿ ನೀರು ಇಂಗಗೊಡದು. ಒಣಗಿದ ಮೇಲೆ ಗಾಳಿಗೆದ್ದು ಎಲೆಯ ಮೇಲೆಯೂ ಶ್ವಾಸಕೋಶದೊಳಗೂ ಕೂರುವುದು.

> ಮರುಭೂಮಿಯ ಹಿಮಾಲಯ
>
> ರಾಜಸ್ಥಾನದ ಅಜ್ಮೇರ್ ಜಿಲ್ಲೆಯ ಕಿಶನ್‌ಗಢ ಅಮೃತಶಿಲೆಯ ದೊಡ್ಡ ಪೇಟೆ. ಅಲ್ಲಿನ ಕಾರ್ಖಾನೆಗಳ ಸ್ಲರಿಯನ್ನು ವರ್ಷಗಟ್ಟಲೆ ಸುರಿದು ಸುರಿದು ಎದ್ದ ಬಿಳಿಯ ಬಯಲು ಈಗ ಪ್ರವಾಸಿಗಳ ತಾಣ. ಹಿಮಗಿರಿಯ ಹಿನ್ನೆಲೆ ಬೇಕಾದ ಚಲಚ್ಚಿತ್ರದವರೂ, ಮದುವೆಗೆ ಮುನ್ನ ಚಿತ್ರ ತೆಗೆಸಿಕೊಳ್ಳುವ ವಧೂವರರೂ ಅಲ್ಲಿಗೆ ಹೋಗುತ್ತಾರೆ. ಬೆಳ್ಳಗಿರುವುದು ಹಿಮವಲ್ಲ, ಉಸಿರಾಡಬಾರದ ಪುಡಿ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಅದೇ ಪುಡಿಯನ್ನು ಗಂಧಕಾಮ್ಲದೊಡನೆ ಸೇರಿಸಿದರೆ ಸಿಮೆಂಟಿಗೆ ಬೇಕಾದ ಜಿಪ್ಸಮ್ ದೊರೆಯುತ್ತದೆ. ರಸ್ತೆಯ ತಳಪಾಯಕ್ಕೂ ಇಟ್ಟಿಗೆಗೂ ಅದು ಸಲ್ಲುವುದು.

ಸೋಮಾರಿ ಪುಡಿ, ಚುರುಕು ಪುಡಿ

ಸಿಮೆಂಟಿನವರು ಇತರರ ಕಸವನ್ನು ಮುಟ್ಟುವುದೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ರಾಯಚೂರಿನ ಶಕ್ತಿನಗರದಂಥ ಉಷ್ಣವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ನೂರಕ್ಕೆ 35ರವರೆಗೂ, ತೋರಣಗಲ್ಲಿನಂಥ ಉಕ್ಕಿನ ಕುಲುಮೆಗಳ ಕಿಟ್ಟವನ್ನು ನೂರಕ್ಕೆ 70ರವರೆಗೂ ಸಿಮೆಂಟಿನಲ್ಲಿ ಬೆರೆಸಲು ಭಾರತೀಯ ಮಾನಕಗಳ ಒಪ್ಪಿಗೆಯಿದೆ, ಬೆರೆಸುತ್ತಲೂ ಇದ್ದಾರೆ. ಹಾಗಾದರೆ ಅಷ್ಟೇ ನುಣುಪಾದ, ಅಷ್ಟೇ ಅಗ್ಗವಾದ ಗ್ರಾನೈಟಿನ ಪುಡಿಗೆ ಈ ಪಂಕ್ತಿಯಲ್ಲಿ ಎಲೆ ಹಾಕದಿರುವುದು ಏಕೆ?

ಉತ್ತರವಿರುವುದು ಬೆಂಕಿಯಲ್ಲಿ. ಹಾರುಬೂದಿಯೂ ಕುಲುಮೆಯ ಕಿಟ್ಟವೂ ಒಮ್ಮೆ ಉರಿಯಲ್ಲಿ ಕರಗಿ, ಥಟ್ಟನೆ ತಣಿದು, ಗಾಜಿನ ಸ್ಥಿತಿಯನ್ನು ತಾಳಿದಂಥವು. ಅವುಗಳ ಒಳಗಿನ ಅಣುಗಳಿಗೆ ಇನ್ನೂ ನೆಲೆ ಸಿಕ್ಕಿಲ್ಲ. ಸುಣ್ಣವೂ ನೀರೂ ದೊರೆತರೆ ಅವು ಹೊಸ ಬಂಧವನ್ನು ಅರಸಿ ಗಟ್ಟಿಗೊಳ್ಳುವುವು. ಗ್ರಾನೈಟಿನಲ್ಲಿಯೂ ಸಿಲಿಕ ಹೇರಳವಾಗಿದೆ, ಅಲ್ಯುಮಿನವೂ ಇದೆ. ಆದರೆ ಅದು ಭೂಗರ್ಭದಲ್ಲಿ ಯುಗಯುಗಗಳ ಕಾಲ ಮೆಲ್ಲಮೆಲ್ಲನೆ ತಣಿದು, ಒಂದೊಂದು ಅಣುವೂ ತನ್ನ ಸ್ಫಟಿಕದ ಮನೆಯಲ್ಲಿ ನೆಮ್ಮದಿಯಾಗಿ ಕುಳಿತ ಶಿಲೆ. ಅದನ್ನು ಎಷ್ಟು ನುಣ್ಣಗೆ ಅರೆದರೂ ಪುಡಿಯಾಗುವುದೇ ಹೊರತು ಅಂಟಾಗದು. ಕುಲುಮೆಯ ಬೆಂಕಿಯನ್ನು ಕಾಣದ ಆ ಪುಡಿ ರಸಾಯನದ ದೃಷ್ಟಿಯಲ್ಲಿ ಸೋಮಾರಿ.

ಸೋಮಾರಿಗೂ ತಕ್ಕ ಕೆಲಸ ಉಂಟು. ಬಳ್ಳದ ತುಂಬ ಕಡಲೆ ತುಂಬಿದ ಮೇಲೆಯೂ ಸಾಸಿವೆಗೆ ಎಡೆಯಿರುವಂತೆ, ಕಾಂಕ್ರೀಟಿನಲ್ಲಿ ಜಲ್ಲಿಯ ಸಂದಿಗೆ ಮರಳೂ, ಮರಳಿನ ಸಂದಿಗೆ ಸಿಮೆಂಟೂ ಸೇರಿದ ಮೇಲೆಯೂ ಸೂಕ್ಷ್ಮವಾದ ತೆರವುಗಳು ಉಳಿಯುತ್ತವೆ. ಒಣಗಿಸಿ ಜರಡಿ ಹಿಡಿದ ಕಲ್ಲುಪುಡಿ ಆ ತೆರವುಗಳನ್ನು ತುಂಬಿದರೆ ಕಾಂಕ್ರೀಟು ಹೆಚ್ಚು ಸಾಂದ್ರವಾಗುವುದು, ನೀರು ಜಿನುಗುವುದು ತಗ್ಗುವುದು. ಮರಳಿನಲ್ಲಿ ನೂರಕ್ಕೆ ಹತ್ತು ಹದಿನೈದರ ಆಸುಪಾಸು ಪುಡಿಯನ್ನು ಸೇರಿಸಿದರೆ ಬಲಕ್ಕೆ ಕುಂದಿಲ್ಲ. ಕೆಲವೊಮ್ಮೆ ಏರಿಕೆಯೂ ಉಂಟು. ಅದಕ್ಕಿಂತ ಮೇಲೇರಿಸಿದರೆ ಪುಡಿ ನೀರನ್ನು ಹೀರಿಕೊಳ್ಳುವುದು, ಗಾರೆಯ ಹದ ಕೆಡುವುದು, ಮೇಸ್ತ್ರಿ ಇನ್ನೆರಡು ಬಕೆಟ್ಟು ನೀರು ಸುರಿಯುವನು. ಅಲ್ಲಿಗೆ ಬಲವೂ ಹೋಯಿತು, ಉಳಿತಾಯವೂ ಹೋಯಿತು.

ಇನ್ನೊಂದು ದಾರಿಯೆಂದರೆ ಅದಕ್ಕೆ ಬೆಂಕಿಯನ್ನೇ ತೋರಿಸುವುದು. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಕುಂಭಕಾರನಿಗೆ ಹಳೆಯ ಬಂಧು. ಹೆಂಚು, ಟೈಲುಗಳ ಗೂಡಿನಲ್ಲಿ ಅದು ಕರಗಿ, ಜೇಡಿಯ ಕಣಗಳನ್ನು ಒಂದಕ್ಕೊಂದು ಬೆಸೆಯುವುದು. ಆದುದರಿಂದ ಗಣಿಯಿಂದ ಹೊಸ ಫೆಲ್ಡ್‌ಸ್ಪಾರನ್ನು ತೆಗೆಯುವ ಬದಲು ಗ್ರಾನೈಟಿನ ಸ್ಲರಿಯನ್ನೇ ಟೈಲಿನ ಮಣ್ಣಿಗೆ ಬೆರೆಸಬಹುದು. ತೊಡಕೊಂದೇ: ಉಕ್ಕಿನ ಅಲಗುಗಳ ಗ್ಯಾಂಗ್‌ಸಾ ಯಂತ್ರದ ಸ್ಲರಿಯಲ್ಲಿ ಕೊಯ್ತಕ್ಕೆಂದು ಸುರಿದ ಉಕ್ಕಿನ ಹರಳೂ ಸುಣ್ಣವೂ ಬೆರೆತಿರುವುದು. ಉಕ್ಕನ್ನು ಆಯಸ್ಕಾಂತದಿಂದ ಬೇರ್ಪಡಿಸದಿದ್ದರೆ ಟೈಲಿನ ಮೈಮೇಲೆ ತುಕ್ಕಿನ ಚುಕ್ಕೆ. ವಜ್ರದ ತಂತಿಯಿಂದ ಕೊಯ್ದ ಪುಡಿಗೆ ಈ ದೋಷವಿಲ್ಲ.

ಸುಡದೆ ಬಳಸುವ ಸುಣ್ಣಕಲ್ಲು

ಸುಣ್ಣಕಲ್ಲಿನ ಪುಡಿಯ ಜಾತಕ ಗ್ರಾನೈಟಿನದಕ್ಕಿಂತ ಉತ್ತಮ. ಅದರ ಸ್ಥಾನವನ್ನು ತಿಳಿಯಲು ಸಿಮೆಂಟಿನ ಗೂಡಿನೊಳಗೆ ಒಮ್ಮೆ ಇಣುಕಬೇಕು.

ಶುದ್ಧವಾದ ಸುಣ್ಣಕಲ್ಲನ್ನು 100 ಕಿಲೋ ಸುಟ್ಟರೆ ಉಳಿಯುವುದು 56 ಕಿಲೋ ಸುಣ್ಣ. ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡಾಗಿ ಆಕಾಶಕ್ಕೆ ಏರುವುದು. ಗೂಡಿಗೆ ಕಲ್ಲಿದ್ದಲನ್ನು ಬಿಟ್ಟು ಬೇರಾವ ಶುದ್ಧ ಇಂಧನವನ್ನು ಹಾಕಿದರೂ ಈ 44 ಕಿಲೋ ತಪ್ಪದು, ಏಕೆಂದರೆ ಅದು ಇಂಧನದ ಹೊಗೆಯಲ್ಲ, ಕಲ್ಲಿನೊಳಗೇ ಅಡಗಿದ್ದ ಅನಿಲ. ಈ ಸುಣ್ಣವೂ ಜೊತೆಗೆ ಹಾಕಿದ ಜೇಡಿಯೂ ಸುಮಾರು 1450 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕೂಡಿ ಕ್ಲಿಂಕರ್ ಎಂಬ ಗಂಟುಗಳಾಗುವುವು. ಅದನ್ನು ಅರೆದುದೇ ಸಿಮೆಂಟು. ಮನುಷ್ಯರ ಚಟುವಟಿಕೆಯಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು. ಸಿಮೆಂಟ್ ತಯಾರಿಕೆಯಲ್ಲಿ ಚೀನದ ನಂತರದ ಸ್ಥಾನ ನಮ್ಮ ದೇಶದ್ದು.

ಆದುದರಿಂದ ಕ್ಲಿಂಕರನ್ನು ಎಷ್ಟು ಕಡಮೆ ಮಾಡಿದರೆ ಅಷ್ಟು ಒಳಿತು. ಸ್ವಿಟ್ಜರ್ಲೆಂಡಿನ ಲೊಸಾನಿನ ತಾಂತ್ರಿಕ ವಿಶ್ವವಿದ್ಯಾಲಯದ ಕ್ಯಾರೆನ್ ಸ್ಕ್ರಿವನರ್, ಕ್ಯೂಬದ ಫರ್ನಾಂಡೊ ಮಾರ್ಟಿರೆನ ಮತ್ತು ದೆಹಲಿ, ಮದರಾಸು, ಮುಂಬಯಿಗಳ ಐಐಟಿಗಳ ವಿಜ್ಞಾನಿಗಳು ಕೂಡಿ ರೂಪಿಸಿದ ಎಲ್‌ಸಿ3 ಎಂಬ ಹೊಸ ಸಿಮೆಂಟಿನ ಪಾಕ ಸಾಮಾನ್ಯವಾಗಿ ಹೀಗಿದೆ: ಕ್ಲಿಂಕರ್ ಅರ್ಧ, ಸುಟ್ಟ ಜೇಡಿ ನೂರಕ್ಕೆ 30, ಸುಡದ ಸುಣ್ಣಕಲ್ಲಿನ ಪುಡಿ 15, ಜಿಪ್ಸಮ್ 5. ಜೇಡಿಯನ್ನು ಸುಡಲು 700ರಿಂದ 850 ಡಿಗ್ರಿ ಸಾಕು. ಅದರೊಳಗೆ ಅಡಗಿದ ಇಂಗಾಲವಿಲ್ಲ. ಹೀಗಾಗಿ ಹೊರಸೂಸುವ ಅನಿಲ ನೂರಕ್ಕೆ 30ರಿಂದ 40ರಷ್ಟು ಇಳಿಯುವುದು.

ಸುಣ್ಣಕಲ್ಲಿನ ಪುಡಿ ಇಲ್ಲಿ ಬರಿಯ ಭರ್ತಿಯ ಸಾಮಾನಲ್ಲ. ಸುಟ್ಟ ಜೇಡಿಯಿಂದ ಬಿಡುಗಡೆಯಾದ ಅಲ್ಯುಮಿನದೊಡನೆ ಅದು ತಾನೂ ಕೂಡಿಕೊಂಡು, ಸಿಮೆಂಟಿನ ಸಂದುಗಳಲ್ಲಿ ಹೊಸ ಹರಳುಗಳನ್ನು ಬೆಳೆಸುವುದು. ಫರಸಿಯ ಸೀಮೆಗೆ ಇದಕ್ಕಿಂತ ಮುಖ್ಯವಾದ ಮಾತೆಂದರೆ, ಕ್ಲಿಂಕರಿಗೆ ಸಲ್ಲದ ಕೀಳುದರ್ಜೆಯ ಸುಣ್ಣಕಲ್ಲೂ ಈ ಪಾಕಕ್ಕೆ ಸಲ್ಲುವುದು. ಭಾರತೀಯ ಮಾನಕ ಸಂಸ್ಥೆ ಇದಕ್ಕೆ 2023ರಲ್ಲಿ ಐಎಸ್ 18189 ಎಂಬ ಮಾನಕವನ್ನು ಕೊಟ್ಟಿತು. ಝಾನ್ಸಿಯಲ್ಲಿ ಬಹುಪಾಲು ಇದೇ ಸಿಮೆಂಟಿನ ಸಾಮಗ್ರಿಗಳಿಂದ ಕಟ್ಟಿದ ಮಾದರಿ ಮನೆಯೊಂದು ಅದಕ್ಕೂ ಹಲವು ವರ್ಷ ಮೊದಲೇ ಎದ್ದು ನಿಂತಿತ್ತು.

ಕಲಬುರಗಿಯ ಎರೆಮಣ್ಣು ಮಾತ್ರ ಈ ಪಾಕದ ಜೇಡಿಗೆ ಒಳ್ಳೆಯ ಅಭ್ಯರ್ಥಿಯಲ್ಲ. ಅದಕ್ಕೆ ಬೇಕಾದುದು ಕೇಯೊಲಿನ್ ಹೆಚ್ಚಿರುವ ಜೇಡಿ, ಜಂಬಿಟ್ಟಿಗೆಯ ನೆಲಗಳಲ್ಲಿ ದೊರೆಯುವಂಥದು. ಜಂಬಿಟ್ಟಿಗೆಯ ಬೀದರ್ ನೆರೆಯ ಜಿಲ್ಲೆಯೇ ಆಗಿರುವುದು ಯೋಜನೆ ಹಾಕುವವರಿಗೆ ಒಂದು ಸೂಚನೆಯಾದೀತು.

> ಕನ್ನಂಬಾಡಿಯ ಗಾರೆ
>
> 1911ರಲ್ಲಿ ಮೊದಲಾದ ಕೃಷ್ಣರಾಜಸಾಗರದ ಕಟ್ಟೆಯನ್ನು ಕಲ್ಲಿಗೆ ಕಲ್ಲು ಬೆಸೆದು ನಿಲ್ಲಿಸಿದುದು ಸುರ್ಕಿ ಗಾರೆ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸಸಾಗರವೂ ಅದೇ ಸಂಪ್ರದಾಯದ ಕಲ್ಲುಕಟ್ಟಡ. ಸುರ್ಕಿ ಗಾರೆಯೆಂದರೆ ಸುಟ್ಟ ಇಟ್ಟಿಗೆಯ ಪುಡಿಗೆ ಸುಣ್ಣ ಸೇರಿಸಿ ಗಾಣದಲ್ಲಿ ಅರೆದುದು. ಬೆಂಕಿ ಕಂಡ ಜೇಡಿ ಮತ್ತು ಸುಣ್ಣ: ಲೊಸಾನಿನ ಹೊಸ ಪಾಕದ ಅರ್ಧಭಾಗವನ್ನು ಮಂಡ್ಯದ ಗಾರೆಗಾಣಗಳು ನೂರು ವರ್ಷ ಮೊದಲೇ ಅರೆಯುತ್ತಿದ್ದವು.

ಕಸ ಸರಕಾದ ಮೇಲೆ

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸುಖಾಂತವಾಗುತ್ತಿತ್ತು. ಆದರೆ ಕಲ್ಲಿನ ಕಸವನ್ನು ಬಳಸುವ ಮಾತಿನಲ್ಲಿ ನಮಗೆ ಈಗಾಗಲೇ ಒಂದು ಅನುಭವವಾಗಿದೆ. ಅದನ್ನು ಮರೆತು ಮುಂದೆ ಹೋಗುವುದು ತರವಲ್ಲ.

ಜಲ್ಲಿ ಕ್ರಷರಿನ ಕೆಳಗೆ ಬೀಳುವ ಪುಡಿ, ಡಸ್ಟು, ಒಂದು ಕಾಲಕ್ಕೆ ಯಾರಿಗೂ ಬೇಡವಾದ ವಸ್ತು. ಸಾಲಿಡ್ ಬ್ಲಾಕು ಮಾಡುವವರು ಅದನ್ನು ಹೊತ್ತೊಯ್ದರೆ ಕ್ರಷರಿನವನಿಗೆ ಜಾಗ ತೆರವಾದುದೇ ಲಾಭ. ಮುಂದೆ ನದಿಗಳ ಮರಳು ಬರಿದಾಗಿ, ಮರಳುಗಣಿಗಾರಿಕೆಗೆ 2012ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಕಡಿವಾಣ ಹಾಕಿದ ಬಳಿಕ, ಬಂಡೆಯನ್ನು ಅರೆದು ಮಾಡಿದ ಎಂ-ಸ್ಯಾಂಡು ಪೇಟೆಯನ್ನು ಆಳತೊಡಗಿತು. 2016ರಲ್ಲಿ ಪರಿಷ್ಕೃತವಾದ ಐಎಸ್ 383 ಮಾನಕ ಅದಕ್ಕೆ ಸ್ಪಷ್ಟವಾದ ಸ್ಥಾನವನ್ನು ಕೊಟ್ಟಿತು; ಅರೆದ ಮರಳಿನಲ್ಲಿ 75 ಮೈಕ್ರಾನಿಗಿಂತ ನುಣುಪಾದ ಪುಡಿ ನೂರಕ್ಕೆ 15ರವರೆಗೂ ಇರಬಹುದೆಂದು ಒಪ್ಪಿತು.

ನದಿಗೆ ಇದರಿಂದ ಉಪಕಾರವಾಯಿತು, ಸಂದೇಹವಿಲ್ಲ. ಆದರೆ ಎಂ-ಸ್ಯಾಂಡನ್ನು ತ್ಯಾಜ್ಯದ ಮರುಬಳಕೆ ಎಂದು ಕರೆಯುವುದು, ನನ್ನ ಅಭಿಪ್ರಾಯದಲ್ಲಿ, ಆತ್ಮವಂಚನೆ. ಕಸವಾಗಿದ್ದುದು ಸರಕಾಯಿತು; ಸರಕಿಗೆ ಬೇಡಿಕೆ ಬಂದಿತು; ಬೇಡಿಕೆಗಾಗಿ ಹೊಸ ಬೆಟ್ಟಗಳು ಸಿಡಿದವು. ಇಷ್ಟಾದ ಮೇಲೆ ಆ ಮರಳನ್ನು ತೊಳೆಯುವಾಗ ಇಳಿದ ನುಣುಪು ಪುಡಿ ಹೊಸ ಕಸವಾಗಿ ಘಟಕದ ಹಿಂದೆ ಒಟ್ಟುಗೂಡಿತು. ಹೀಗೆ ಕಸದ ಸಮಸ್ಯೆ ಒಂದು ಸುತ್ತು ಹೊಡೆದು ಇನ್ನಷ್ಟು ನುಣ್ಣಗಾಗಿ ನಮ್ಮ ಮುಂದೆಯೇ ಬಂದು ನಿಂತಿದೆ.

ಕಲ್ಲುಪುಡಿಗೆ ಇದಕ್ಕಿಂತ ಸೌಮ್ಯವಾದ ದಾರಿಯೊಂದು ಬೆಂಗಳೂರಿನಲ್ಲಿಯೇ ಬಹುಕಾಲದಿಂದ ತೆರೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ, ಹಳ್ಳಿಗಳಿಗೆ ವಿಜ್ಞಾನವನ್ನು ಒಯ್ಯುವ ಉದ್ದೇಶದ ‘ಅಸ್ತ್ರ’ ಎಂಬ ಕೇಂದ್ರದಲ್ಲಿ ಕೆ. ಎಸ್. ಜಗದೀಶರೂ ಬಳಿಕ ಬಿ. ವಿ. ವೆಂಕಟರಾಮ ರೆಡ್ಡಿಯವರೂ ಸಹೋದ್ಯೋಗಿಗಳೂ ಸುಡದ ಇಟ್ಟಿಗೆಯ ಶಾಸ್ತ್ರವನ್ನು ಬೆಳೆಸಿದರು. ಮಣ್ಣಿಗೆ ನೂರಕ್ಕೆ ಏಳರ ಸುತ್ತಮುತ್ತ ಸಿಮೆಂಟು ಸೇರಿಸಿ, ಹದವಾಗಿ ನೀರು ಚಿಮುಕಿಸಿ, ಅವರೇ ರೂಪಿಸಿದ ಮರ್ದಿನಿ ಎಂಬ ಕೈಯಂತ್ರದಲ್ಲಿ ಒತ್ತಿದರೆ ಅಚ್ಚುಕಟ್ಟಾದ ಬ್ಲಾಕು ಹೊರಬರುವುದು. ಮೂರು ವಾರ ನೀರು ಉಣಿಸಿದರೆ ಗೋಡೆಗೆ ಸಿದ್ಧ. ಸೌದೆಯೂ ಇಲ್ಲ, ಗೂಡೂ ಇಲ್ಲ.

ಮಣ್ಣು ಮಾತ್ರ ಎಲ್ಲ ಕಡೆ ಒಂದೇ ತೆರನಲ್ಲ. ಜೇಡಿ ಹೆಚ್ಚಾದರೆ ಬ್ಲಾಕು ಒಣಗುವಾಗ ಬಿರಿಯುವುದು, ಮಳೆಯಲ್ಲಿ ಹಿಗ್ಗುವುದು. ಅದನ್ನು ತಿದ್ದಲು ಮರಳು ಬೇಕು. ಆ ಮರಳಿನ ಸ್ಥಾನದಲ್ಲಿ ಕ್ವಾರಿಯ ಪುಡಿಯನ್ನು ಹಾಕಿದರೆ ಸಾಕೆಂಬುದು ಅನುಭವಸಿದ್ಧ. ತಳಪಾಯ ತೋಡಿದ ಮಣ್ಣು, ನೆರೆಯ ಕ್ವಾರಿಯ ಪುಡಿ, ಒಂದಿಷ್ಟು ಸಿಮೆಂಟು, ಇಬ್ಬರು ಆಳುಗಳ ತೋಳ್ಬಲ: ಇಷ್ಟರಿಂದಲೇ ಎದ್ದ ಮನೆಗಳು ಬೆಂಗಳೂರಿನಲ್ಲಿ ಎಷ್ಟೋ ಇವೆ. ಇಲ್ಲಿ ಪುಡಿ ತನ್ನ ಹುಟ್ಟಿದೂರಿನಿಂದ ಹೆಚ್ಚು ದೂರ ಹೋಗಬೇಕಾದುದಿಲ್ಲ. ಅಗ್ಗವಾದ ಭಾರದ ವಸ್ತುವನ್ನು ಟಿಪ್ಪರಿನಲ್ಲಿ ನೂರು ಮೈಲಿ ಸಾಗಿಸಿ ಡೀಸೆಲ್ಲು ಸುಟ್ಟು, ಆಮೇಲೆ ಪರಿಸರದ ಹೆಸರು ಹೇಳುವುದಕ್ಕಿಂತ ಇದು ಮರ್ಯಾದೆಯ ಮಾರ್ಗ.

ಉಸಿರಿನ ಲೆಕ್ಕ

ಪುಡಿಯನ್ನು ಬಳಸಬೇಕೆಂದು ಉಪದೇಶ ಮಾಡುವವರು ಪುಡಿಯನ್ನು ಮುಟ್ಟುವ ಕೈಗಳನ್ನು ಮರೆಯುತ್ತಾರೆ. ಗ್ರಾನೈಟೆಂದು ಭೂವಿಜ್ಞಾನ ಒಪ್ಪುವ ಶಿಲೆಯಲ್ಲಿ ಕ್ವಾರ್ಟ್ಸ್ ಎಂಬ ಸ್ಫಟಿಕ ಐದರಲ್ಲಿ ಒಂದು ಪಾಲಿಗಿಂತ ಕಡಮೆಯಿರುವುದಿಲ್ಲ. ಅದರ ಅತಿಸೂಕ್ಷ್ಮ ಕಣ ಶ್ವಾಸಕೋಶದ ಆಳಕ್ಕಿಳಿದರೆ ಅಲ್ಲಿಯೇ ಕಲೆಗಟ್ಟಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗ 1997ರಲ್ಲಿ ಆ ಸ್ಫಟಿಕದ ಪುಡಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಕಲ್ಲುಕೆಲಸದವರ ಈ ರೋಗಕ್ಕೆಂದೇ ರಾಜಸ್ಥಾನ ಸರ್ಕಾರ 2019ರಲ್ಲಿ ಒಂದು ನೀತಿಯನ್ನು ತಂದಿತು.

ಸ್ಲರಿ ಒದ್ದೆಯಾಗಿರುವಷ್ಟು ಕಾಲ ಈ ಭಯ ಮಲಗಿರುವುದು. ಅದನ್ನು ಒಣಗಿಸಿ, ಜರಡಿಗೆ ಹಾಕಿ, ಚೀಲಕ್ಕೆ ತುಂಬುವ ಕೆಲಸ ಮೊದಲಾದಾಗ ಎಚ್ಚರಗೊಳ್ಳುವುದು. ಆದಕಾರಣ ಒದ್ದೆಯಾಗಿಯೇ ಬಳಸಬಹುದಾದ ಕಡೆಗಳಿಗೆ, ಎಂದರೆ ಬ್ಲಾಕಿಗೆ, ಇಟ್ಟಿಗೆಯ ಮಣ್ಣಿಗೆ, ರಸ್ತೆಯ ತಳಕ್ಕೆ, ಮೊದಲ ಮಣೆ ಹಾಕುವುದು ವಿವೇಕ. ಒಣಪುಡಿಯೇ ಬೇಕಾದಲ್ಲಿ ಮುಚ್ಚಿದ ಯಂತ್ರವೂ ತಕ್ಕ ಮುಖಗವಸವೂ ಇರಲೇಬೇಕು. ಕತ್ತಿಗೆ ಸುತ್ತಿದ ಟವೆಲು ಮುಖಗವಸವಲ್ಲ.

ಇದರ ಜೊತೆಗೆ ಗುಣದ ಪ್ರಶ್ನೆಯೊಂದಿದೆ. ಚಾಮರಾಜನಗರದ ಕಪ್ಪುಕಲ್ಲು ಪೇಟೆಯಲ್ಲಿ ಗ್ರಾನೈಟು, ಭೂವಿಜ್ಞಾನಿಗೆ ಡಾಲರೈಟು. ಅದರ ಪುಡಿಯಲ್ಲಿ ಕಬ್ಬಿಣ ಮೆಗ್ನೀಸಿಯಂಗಳು ಹೆಚ್ಚು, ಕ್ವಾರ್ಟ್ಸು ಅತ್ಯಲ್ಪ. ಇಂದು ಕಪ್ಪು, ನಾಳೆ ಕೆಂಪು, ನಾಡಿದ್ದು ಪರರಾಜ್ಯದ ಬಿಳಿಯ ದಿಮ್ಮಿ ಒಂದೇ ಯಂತ್ರಕ್ಕೆ ಬಂದು, ಎಲ್ಲದರ ರಾಡಿಯೂ ಒಂದೇ ತೊಟ್ಟಿಗೆ ಸೇರುವಲ್ಲಿ, ಟೈಲಿನವನಾಗಲಿ ಸಿಮೆಂಟಿನವನಾಗಲಿ ಯಾವ ನಂಬಿಕೆಯಿಂದ ಕೊಂಡಾನು? ತೊಟ್ಟಿಗಳನ್ನು ಬೇರೆಬೇರೆ ಮಾಡಿ, ರಾಡಿಯ ನೀರನ್ನು ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿ, ಹೂರಣದ ಹದಕ್ಕೆ ತಂದುಕೊಟ್ಟರೆ ಸಾಗಣೆಯ ಖರ್ಚೂ ಇಳಿಯುವುದು. ಈ ಯಂತ್ರಕ್ಕೆ ಸಣ್ಣ ಕಾರ್ಖಾನೆಯವನೊಬ್ಬನೇ ಹಣ ಹೂಡಲಾರ. ಹತ್ತು ಮಂದಿ ಕೂಡಿದರೆ ಹೂಡಬಲ್ಲರು.

ಮೊಸಾಯಿಕ್ಕಿನ ಪುನರಾಗಮನ

ಇಷ್ಟೆಲ್ಲ ರಸಾಯನ, ಮಾನಕ, ಯಂತ್ರಗಳ ಗೊಡವೆಯಿಲ್ಲದೆ ಕಲ್ಲಿನ ಚೂರಿಗೆ ಗೌರವ ಕೊಟ್ಟ ಹಳೆಯ ಉಪಾಯಗಳೂ ಇವೆ. ವಿಜಯನಗರದ ಕೋಟೆಗೋಡೆಗಳ ಹೊರಮುಖದಲ್ಲಿ ಕಾಣುವುದು ಕಡಿದು ಕೂಡಿಸಿದ ದೊಡ್ಡ ಬಂಡೆಗಳು. ಒಡಲಿನಲ್ಲಿ ತುಂಬಿರುವುದು ಮಣ್ಣು ಮತ್ತು ಕಲ್ಲುಚೂರು. ಸೈಜುಗಲ್ಲಿನ ತಳಪಾಯ ಕಟ್ಟುವ ಮೇಸ್ತ್ರಿ ಇಂದಿಗೂ ಸಂದಿಗೆ ಗಾರೆ ಸುರಿಯುವ ಮೊದಲು ಚಕ್ಕೆ ಕೊಡು ಎಂದು ಕೂಗುವನು. ಕಲ್ಲು ಕಡಿದಾಗ ಉದುರಿದ ಚಕ್ಕೆ ಅಲ್ಲಿಯೇ, ಆ ಗೋಡೆಯಲ್ಲಿಯೇ ಸೇರಿಹೋಗುವುದು.

ವೆನಿಸ್ ನಗರದ ಕಲ್ಲುಕೆಲಸದವರು ಶ್ರೀಮಂತರ ಮಹಲುಗಳಿಗೆ ಅಮೃತಶಿಲೆ ಹಾಸಿ ಉಳಿದ ಚೂರುಗಳನ್ನು ಗಾರೆಯಲ್ಲಿ ಕೂಡಿಸಿ ಉಜ್ಜಿ ತಮ್ಮ ಮನೆಗೆ ನೆಲ ಮಾಡಿಕೊಂಡರೆಂದು ಹೇಳುತ್ತಾರೆ. ಆ ಟೆರಾಜೋ ಎಂಬ ವಿದ್ಯೆಯೇ ನಮ್ಮ ನಾಡಿನಲ್ಲಿ ಮೊಸಾಯಿಕ್ ಎಂಬ ಹೆಸರಿನಿಂದ, ಸ್ವಾತಂತ್ರ್ಯ ಬಂದ ಮೇಲಿನ ದಶಕಗಳಲ್ಲಿ ಮೇಷ್ಟರ, ಗುಮಾಸ್ತರ, ಸಣ್ಣ ವ್ಯಾಪಾರಿಗಳ ಮನೆಗಳಿಗೆ ಬಂದಿತು. ಬೂದಿಬಣ್ಣದ ಸಿಮೆಂಟಿನಲ್ಲಿ ಕರಿ, ಬಿಳಿ, ಕೆಂಪು ಚೂರುಗಳು. ಆಮೇಲೆ ದಿನಗಟ್ಟಲೆ ನೀರು ಹಾಕಿ ಉಜ್ಜುವ ಯಂತ್ರದ ಗದ್ದಲ. ಕೊನೆಗೆ ಕಾಲಿಗೆ ತಂಪಾದ, ಮೂರು ತಲೆಮಾರು ಸವೆಯದ ನೆಲ.

ಗ್ರಾನೈಟಿನ ಹಲಗೆ ಅಗ್ಗವಾದ ಮೇಲೆ, ಮಗನ ಮದುವೆಯ ಹೊತ್ತಿಗೆ ಮನೆ ಹೊಸದಾಗಿ ಕಾಣಲೆಂದು, ಆ ನೆಲಗಳನ್ನು ಅಗೆದು ಹಾಕಿದವರೆಷ್ಟೋ ಮಂದಿ. ಈಗ ಬೆಂಗಳೂರಿನಲ್ಲಿ ಹೊಸ ಕಾಫಿಮನೆಗಳೂ ಎಳೆಯ ವಾಸ್ತುಶಿಲ್ಪಿಗಳೂ ಚೂರಿನ ನೆಲವನ್ನೇ ಬೇಕೆನ್ನುತ್ತಿದ್ದಾರೆ, ಟೆರಾಜೋ ಎಂಬ ಹೆಸರಿನಲ್ಲಿ, ಗ್ರಾನೈಟಿಗಿಂತ ಹೆಚ್ಚಿನ ದರಕ್ಕೆ. ಚೂರಿಗೇನೂ ಬರವಿಲ್ಲ. ನಿಂತ ಜಾಗದಲ್ಲಿ ಚೂರು ಕೂಡಿಸಿ ನೆಲ ಎರೆದು ಉಜ್ಜಬಲ್ಲ ಹಳೆಯ ಕೆಲಸಗಾರರು ವಿರಳವಾಗಿರುವುದರಿಂದ, ಅಂಥವನೊಬ್ಬ ಸಿಕ್ಕಿದರೆ ಗೋಡೆಯ ಗಿಲಾವು ಮುಗಿಯುವುದಕ್ಕೂ ಮೊದಲೇ ಮುಂಗಡ ಕೊಟ್ಟು ದಿನ ಗೊತ್ತುಮಾಡಿಕೊಳ್ಳುವುದು ಮೇಲು.